ಇಬ್ಬರು ಬಳೆಗಾರರು

ಮನೆಯವರೆಲ್ಲರ ಕಣ್ಣೆದುರಿಗೆ ಪರಸ್ತ್ರೀಯ ಕೈಯನ್ನು ಹಿಡಿಯತಕ್ಕ ಅಧಿಕಾರವು ಹಿಂದಿನ ಕಾಲದಲ್ಲಿ ಇಬ್ಬರಿಗೆ ಮಾತ್ರ ಇದ್ದಂತೆ ತೋರುತ್ತದೆ: ನಾಡಿ ನೋಡುವ ಪಂಡಿತನಿಗೆ, ಬಳೆ ತೊಡಿಸುವ ಬಳೆಗಾರನಿಗೆ. ಪಂಡಿತನಿಗೆ ದೇಹದ ನೋವಷ್ಟೇ ತಿಳಿಯುತ್ತಿತ್ತು. ಬಳೆಗಾರನಿಗೆ ಮನೆಯ ಸುದ್ದಿಯೆಲ್ಲವೂ ತಿಳಿಯುತ್ತಿತ್ತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆಯ ವ್ಯಾಪಾರವನ್ನು ಮಾಡಿಕೊಂಡಿದ್ದ ನಾರಾಯಣಪ್ಪನವರು ತೆಲುಗು ಕನ್ನಡಗಳೆರಡರಲ್ಲಿಯೂ ತತ್ತ್ವಪದಗಳನ್ನು ಹಾಡಿ ತಾತಯ್ಯನವರೆನಿಸಿದುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಕನ್ನಡದ ಹಾಡುಗಳಲ್ಲಿ ಮತ್ತಿಬ್ಬರು ಬಳೆಗಾರರಿದ್ದಾರೆ. ಅವರನ್ನು ಎದುರುಬದುರಾಗಿ ನಿಲ್ಲಿಸಿ ನೋಡಿದರೆ, ಒಲವನ್ನು ಕುರಿತು ಗಂಡಿನ ಕಲ್ಪನೆ ಎಲ್ಲಿ ನಿಲ್ಲುತ್ತದೆ, ಹೆಣ್ಣಿನದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಕಂಡುಬರುತ್ತದೆ.

ಮೊದಲನೆಯವನು ಕೆ. ಎಸ್. ನರಸಿಂಹಸ್ವಾಮಿಯವರ ಚೆನ್ನಯ್ಯ. 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯಲ್ಲಿ ಇವನು ನವಿಲೂರಿನಿಂದ ಗಂಡನ ಮನೆಯ ಬಾಗಿಲಿಗೆ ಬರುತ್ತಾನೆ, ತವರಿನಲ್ಲಿರುವ ಹೆಂಡತಿಯ ಕೊರಗನ್ನು ವಿನಯದಿಂದ ಅರಿಕೆ ಮಾಡುತ್ತಾನೆ. ವಿಪ್ರಲಂಭ ಶೃಂಗಾರದಲ್ಲಿ ಮೇಘಕ್ಕೂ ಹಂಸಕ್ಕೂ ಸಂದ ದೂತಪದವಿಯನ್ನು ಕವಿ ಒಬ್ಬ ಬಡ ವ್ಯಾಪಾರಿಗೆ ಕೊಟ್ಟುದು ಸಣ್ಣ ಸಾಹಸವಲ್ಲ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಹೆಂಡತಿಯು ತಾಯಿತಂದೆಯರ ನಡುವೆ ಇದ್ದಾಳೆ. ಹಾಗಿದ್ದೂ ಅವಳ ದುಃಖಕ್ಕೆ ಕಾರಣನು ಗಂಡನೊಬ್ಬನೇ. ಅವಳ ಕಣ್ಣೀರೆಲ್ಲವೂ ತನಗಾಗಿಯೇ ಎಂಬ ಸುದ್ದಿಗಿಂತ ಸವಿಯಾದುದು ಗಂಡಸಿನ ಕಿವಿಗೆ ಬೇರೆ ಯಾವುದಿದ್ದೀತು?

ಎರಡನೆಯವನಿಗೆ ಹೆಸರಿಲ್ಲ. ಜನಪದದ ‘ಭಾಗ್ಯದ ಬಳೆಗಾರ’ನು ಅವನು. ಇಲ್ಲಿ ದಾರಿ ತಿರುಗುಮುರುಗಾಗಿದೆ. ಗಂಡನ ಮನೆಯಲ್ಲಿರುವ ಹೆಣ್ಣು ಅವನನ್ನು ತನ್ನ ತವರಿಗೆ ಕಳುಹಿಸುತ್ತಾಳೆ. ದಾರಿಯನ್ನರಿಯೆನೆಂದು ಅವನು ಹೇಳಿದಾಗ ಎಡಬಲದ ಗಿಡಮರಗಳ ಗುರುತು, ಹಂಚಿನ ಮನೆ, ಕಂಚಿನ ಕದ, ತಿರುಗುವ ಗಾಣ, ನಲಿಯುವ ನವಿಲು, ಚಪ್ಪರದಡಿಯಲ್ಲಿ ಪಗಡೆಯಾಡುತ್ತಿರುವ ತಾಯಿ, ಇವೆಲ್ಲವನ್ನೂ ಒಂದೊಂದಾಗಿ ಹೇಳುತ್ತಾಳೆ. ತಾಯಿಗೆ ಇಷ್ಟವಾದ ಬಳೆಯನ್ನು ಕೊಂಡೊಯ್ದು ಕೊಡೆಂದು ಬೇಡುತ್ತಾಳೆ. ಪ್ರಚಾರದಲ್ಲಿರುವ ಪಾಠದಲ್ಲಿ ಗಂಡನ ಸುಳಿವೇ ಇಲ್ಲ.

ಆಲಂಕಾರಿಕರ ಪ್ರಕಾರ ಇದು ಶೃಂಗಾರವಲ್ಲ, ನಾಯಕನಿಲ್ಲದ ಶೃಂಗಾರವುಂಟೇ? ಈ ಆಕ್ಷೇಪಣೆ ಶಾಸ್ತ್ರಕ್ಕೆ ಸರಿ, ಬಾಳಿಗೆ ಸಾಲದು. ಬಳೆಯು ಮುತ್ತೈದೆತನದ ಗುರುತು. ಅದನ್ನು ತಾಯಿಗೆ ಕಳುಹಿಸುವ ಮಗಳು ತಾನು ಸುಖವಾಗಿರುವೆನೆಂಬ ವಾರ್ತೆಯನ್ನೂ ಅದರೊಡನೆ ಕಳುಹಿಸುತ್ತಿದ್ದಾಳೆ. ಗಂಡನು ಹಾಡಿನಲ್ಲಿ ಇಲ್ಲದಿಲ್ಲ, ಬಳೆಯಲ್ಲಿದ್ದಾನೆ. ಗಂಡಿನ ಒಲವಿಗೆ ಇಬ್ಬರು ಸಾಕು. ಹೆಣ್ಣಿನ ಒಲವಿಗೆ ಅದನ್ನು ಕೇಳಿ ಹಿಗ್ಗುವ ಮೂರನೆಯವಳು ಬೇಕು.

ಈ ಹಾಡನ್ನು ಕಟ್ಟಿದವರು ಹೆಂಗಸರೇ ಎಂಬುದಕ್ಕೆ ಪ್ರಮಾಣವೇನೆಂದು ಕೇಳಬಹುದು. ಪ್ರಮಾಣವಿಲ್ಲ. ಆದರೆ ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಹೆಂಗಸರು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹದಲ್ಲಿಯೂ ತವರಿನ ಹಂಬಲಕ್ಕೆ ದೊರೆತಿರುವ ಸ್ಥಳವು ಅಲ್ಪವಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವುಂಟು. ಇಲ್ಲಿ ಎಷ್ಟೋ ಮನೆಗಳಲ್ಲಿ ಹೊಸಿಲಿನ ಒಳಗೆ ತೆಲುಗು, ಹೊರಗೆ ಕನ್ನಡ. ಕನ್ನಡದ ಮನೆಯಿಂದ ತೆಲುಗಿನ ಮನೆಗೆ ಬಂದ ಸೊಸೆಗೆ ತವರೆಂದರೆ ಬಿಟ್ಟುಬಂದ ಮಾತು ಕೂಡ ಹೌದು. ತೆಲುಗಿನವರು ತವರನ್ನು ‘ಪುಟ್ಟಿಲ್ಲು’, ಹುಟ್ಟಿದ ಮನೆ, ಎಂದೇ ಕರೆಯುತ್ತಾರೆ. ಶಿಡ್ಲಘಟ್ಟದ ಕಡೆಯ ರೇಷ್ಮೆಯ ಮನೆಗಳಲ್ಲಾದರೋ ಹುಳು ಮೇಯುವ ಸುಮಾರು 25 ದಿನ ಸೊಪ್ಪು ಹಾಕುವ ಹೆಂಗಸು ಕದಲುವಂತಿಲ್ಲ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮೇಲೆಯೇ ತವರಿನ ಮಾತು. ಅಂದು ಅವಳು ಹೊರಟು ನಿಂತರೆ, ತನಗೆ ಸಲ್ಲತಕ್ಕ ಒಲವಿನಲ್ಲಿ ಅಷ್ಟು ಕಡಿಮೆಯಾಯಿತೆಂದು ಮುಖ ಚಿಕ್ಕದು ಮಾಡುವ ಗಂಡಂದಿರು ಇಲ್ಲದಿಲ್ಲ. ಚೆನ್ನಯ್ಯನ ಹಾಡನ್ನು ಬಾಯಿಪಾಠ ಮಾಡಿದವರಲ್ಲಿಯೂ ಇಂತಹವರುಂಟು. (ಈಗ ಕೈಯಲ್ಲಿಯೇ ದೂರವಾಣಿ ಇರುವುದರಿಂದ ಬಳೆಗಾರನ ಸುದ್ದಿಗೆ ಯಾರೂ ಕಾಯುವುದಿಲ್ಲ. ಆದರೆ ಮಗಳು ತಾಯಿಯೊಡನೆ ಅರ್ಧ ಗಂಟೆ ಮಾತನಾಡಿದರೆ ಪಡಸಾಲೆಯಲ್ಲಿ ಕೆಮ್ಮುವವರು ಈಗಲೂ ಇದ್ದಾರೆ.)

ಇಷ್ಟರಿಂದ ನರಸಿಂಹಸ್ವಾಮಿಯವರಿಗೆ ಹೆಣ್ಣಿನ ಮನಸ್ಸು ತಿಳಿಯದೆಂದು ತೀರ್ಮಾನಿಸುವುದು ಅನ್ಯಾಯ. ಅವರ ಇನ್ನೊಂದು ಕವಿತೆಯಲ್ಲಿ ಗಂಡನು ತನ್ನ ಹೊನ್ನೂರು ಚೆಂದವೋ ಅವಳ ನವಿಲೂರು ಚೆಂದವೋ ಎಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಮೊದಲು ಅವನನ್ನು ಸುಮ್ಮನಿರಿಸುತ್ತಾಳೆ. ಅನಂತರ ತೌರೂರಿನ ದಾರಿಯ ತೆಂಗುಬಾಳೆಗಳನ್ನು ವರ್ಣಿಸತೊಡಗುತ್ತಾಳೆ. ಮರಗಳಿಂದಲೇ ದಾರಿಯನ್ನು ಗುರುತಿಸುವ ಈ ರೀತಿಯು ಜನಪದದ ಹೆಣ್ಣಿನದೇ. ಚೆನ್ನಯ್ಯನ ಹಾಡು ಹೆಚ್ಚು ಇಂಪಾಗಿದ್ದರೂ ಒಲವಿನ ಅರಿವಿನಲ್ಲಿ ಈ ಕವಿತೆಯೇ ಹಿರಿದು. ಇಲ್ಲಿ ಗಂಡನು ಕೇಳುತ್ತಾನೆ, ಕೇಳಿ ಕಿವಿಗೊಡುತ್ತಾನೆ. ಹಾಗಾದರೂ ಕವಿ ಆ ಪ್ರಶ್ನೆಯನ್ನು ಕೇಳಿಸಿರುವುದು ಕನಸಿನಲ್ಲಿ. ಅಂದಿನ ಸಂಸಾರದಲ್ಲಿ, ಅತ್ತೆ ಮಾವಂದಿರ ಕಿವಿಗೆ ಬೀಳುವಂತೆ ಹಗಲಿನಲ್ಲಿ ಕೇಳತಕ್ಕ ಪ್ರಶ್ನೆ ಅದಾಗಿರಲಿಲ್ಲ.