ಪರರ ನೋಟದ ಭೀತಿ: ರಿಚರ್ಡ್ ಹೈಂಬರ್ಗರ ಸಂಶೋಧನೆಯನ್ನು ಕುರಿತು

ಸಂಕೋಚವು ಹುಟ್ಟುಗುಣವೆಂದೂ ಅದಕ್ಕೆ ಮದ್ದಿಲ್ಲವೆಂದೂ ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಹತ್ತು ಜನರೆದುರು ಮಾತು ತೊದಲುವುದಕ್ಕೆ ಸಭಾಕಂಪವೆಂಬ ಹೆಸರು ನಮ್ಮಲ್ಲಿ ಹಳೆಯದೇ. ಆದರೆ ಅಂಗಡಿಯಲ್ಲಿ ಬೆಲೆ ಕೇಳಲೂ ಪರರೆದುರು ಒಂದು ತುತ್ತು ಉಣ್ಣಲೂ ಅಂಜುವವನ ಸ್ಥಿತಿಯನ್ನು ಆ ಒಂದು ಪದದಲ್ಲಿ ಅಡಗಿಸಲಾಗದು. ಇಂಗ್ಲೆಂಡಿನ ಮಾರ್ಕ್ಸ್ ಮತ್ತು ಗೆಲ್ಡರ್ 1966ರಲ್ಲಿ ಇದನ್ನು ಇತರ ಭೀತಿಗಳಿಂದ ಬೇರ್ಪಡಿಸಿ ತೋರಿಸಿದರು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ 1980ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಆ ಬಳಿಕ ನಡೆದ ಕಾರ್ಯದಲ್ಲಿ, ಮೊದಲು ಆಲ್ಬನಿಯಲ್ಲಿಯೂ ಅನಂತರ ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿಯೂ ಇದ್ದ ಚಿಕಿತ್ಸಾ ಮನಶ್ಶಾಸ್ತ್ರಜ್ಞ ರಿಚರ್ಡ್ ಹೈಂಬರ್ಗರ ಪಾಲು ದೊಡ್ಡದು.

ಅವರ ಚಿಕಿತ್ಸೆ ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಬಗೆಯದು. ಗುಂಪಿಗೆ ಅಂಜುವವರನ್ನೇ ಒಂದು ಗುಂಪಾಗಿ ಕೂಡಿಸಿ, ಪ್ರತಿಯೊಬ್ಬನೂ ತಾನು ಅಂಜುವ ಸನ್ನಿವೇಶವನ್ನು ಅಲ್ಲಿಯೇ ಅಭಿನಯಿಸಿ, ಆಗ ಮನಸ್ಸಿನಲ್ಲಿ ಏಳುವ ಮಾತುಗಳನ್ನು ಪರೀಕ್ಷಿಸಿಕೊಳ್ಳುವಂತೆ ಮಾಡುವುದು. ಆದರೆ ನಾಲ್ಕು ಜನ ಸಹಾನುಭೂತಿಯಿಂದ ಕೇಳಿದರೆ ಯಾರಿಗಾದರೂ ಮನಸ್ಸು ಹಗುರವಾಗುವುದಿಲ್ಲವೆ? ಈ ಆಕ್ಷೇಪವನ್ನು ಹೈಂಬರ್ಗರು ತಾವೇ ಎತ್ತಿಕೊಂಡರೆಂಬುದು ಮುಖ್ಯ. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 49 ಮಂದಿ ರೋಗಿಗಳಿದ್ದರು. ಕೆಲವರಿಗೆ ಈ ಚಿಕಿತ್ಸೆ, ಉಳಿದವರಿಗೆ ಉಪನ್ಯಾಸ ಮತ್ತು ಸಾಂತ್ವನದ ಗುಂಪು. ಎರಡೂ ಗುಂಪಿನವರು ಚೇತರಿಸಿಕೊಂಡರು. ಆದರೆ ಅಂಜುವ ಸನ್ನಿವೇಶವನ್ನು ನಿಜವಾಗಿ ಎದುರಿಸುವ ಪರೀಕ್ಷೆಯಲ್ಲಿ ಮೊದಲಿನವರ ಕಳವಳವೇ ಕಡಮೆಯಾಗಿತ್ತು. ಬರಿಯ ಕಾಯುವಿಕೆಯೊಡನೆ ಹೋಲಿಸಿ ಗೆದ್ದೆವೆನ್ನುವ ಪ್ರಯೋಗಗಳ ನಡುವೆ ಇದು ಬಹಳ ಪ್ರಾಮಾಣಿಕವಾದ ಹೋಲಿಕೆ.

1998ರ ಪ್ರಯೋಗ ಇನ್ನೂ ಕಠಿಣವಾದುದು. 133 ರೋಗಿಗಳು, 12 ವಾರಗಳು, ಎರಡು ಕೇಂದ್ರಗಳು. ಒಂದು ಔಷಧದ ಪಕ್ಷಪಾತಿ, ಇನ್ನೊಂದು ಮಾತಿನ ಚಿಕಿತ್ಸೆಯದು. ಗುಂಪುಚಿಕಿತ್ಸೆ, ಫೆನೆಲ್ಜೀನ್ ಎಂಬ ಔಷಧ, ಸತ್ತ್ವವಿಲ್ಲದ ಗುಳಿಗೆ, ಸಾಂತ್ವನದ ಗುಂಪು, ಇವು ನಾಲ್ಕನ್ನೂ ಹೋಲಿಸಲಾಯಿತು. ಮೊದಲಿನ ಎರಡೂ ಉಳಿದೆರಡನ್ನು ಮೀರಿಸಿದುವು. ಆದರೆ ಔಷಧವು ಬೇಗ ಫಲಿಸಿತು, ಕೆಲವು ಅಳತೆಗಳಲ್ಲಿ ಗುಂಪುಚಿಕಿತ್ಸೆಗಿಂತ ಮೇಲಾಯಿತು. ತಮ್ಮ ಚಿಕಿತ್ಸೆಗೆ ಪ್ರತಿಕೂಲವಾದ ಈ ಅಂಶವನ್ನು ಹೈಂಬರ್ಗರು ತಮ್ಮ ಹೆಸರನ್ನೇ ಮೊದಲಿಟ್ಟು ಪ್ರಕಟಿಸಿದರು. ವಿದ್ಯಾರ್ಥಿಗಳು ಗಮನಿಸಬೇಕಾದ ನಡತೆಯಿದು.

ಐದು ವರ್ಷಗಳ ಅನಂತರದ ವಿಚಾರಣೆಯನ್ನು (1993) ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು. 49 ಮಂದಿಯಲ್ಲಿ ಅದಕ್ಕೆ ದೊರೆತವರು 19 ಮಂದಿ. ಪರೀಕ್ಷಕನ ಮುಂದೆ ಕುಳಿತುಕೊಳ್ಳುವುದೇ ಭಯವಾದ ರೋಗದಲ್ಲಿ, ಬಾರದೆ ಉಳಿದ ಮೂವತ್ತು ಮಂದಿಯ ಮೌನವು ಬಂದವರ ಮಾತಿಗಿಂತ ಹಗುರವಾದುದಲ್ಲ.

ಆಸ್ಟ್ರೇಲಿಯದ ರಪೀಯವರೊಡನೆ 1997ರಲ್ಲಿ ಮಂಡಿಸಿದ ಸಿದ್ಧಾಂತದ ಸಾರವಿಷ್ಟು: ಅಂಜುವವನು ಪರರ ಕಣ್ಣಿಗೆ ತಾನು ಹೀಗೆ ಕಾಣುತ್ತೇನೆಂದು ಒಂದು ಚಿತ್ರವನ್ನು ಕಲ್ಪಿಸಿಕೊಂಡು, ಅವರು ತನ್ನಿಂದ ಬಯಸುವರೆಂದು ತಾನೆಣಿಸಿದ ಮಟ್ಟದೊಡನೆ ಅದನ್ನು ಸದಾ ತೂಗುತ್ತಿರುತ್ತಾನೆ. ವಿವರಣೆ ಸೊಗಸಾಗಿದೆ. ಆದರೆ ನೋಡುವವರು ನಿಜವಾಗಿಯೂ ನಿಷ್ಠುರರಾಗಿದ್ದರೆ? ಹಳ್ಳಿಯ ಶಾಲೆಯಿಂದ ಬಂದು ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯದ ಹುಡುಗನ ಎಣಿಕೆ ಎಲ್ಲ ಸಲವೂ ತಪ್ಪೆನ್ನಲಾಗುವುದಿಲ್ಲ. ನಕ್ಕವರನ್ನು ನಾವೂ ಕಂಡಿದ್ದೇವೆ. ಅಂಥವನ ಎಣಿಕೆಯನ್ನು ತಿದ್ದುವುದರ ಜೊತೆಗೆ ತರಗತಿಯನ್ನೂ ತಿದ್ದಬೇಕಾಗುತ್ತದೆ. ಸಿದ್ಧಾಂತದ ಒತ್ತು ಆ ಕಡೆಗಿಲ್ಲ.

ಹೈಂಬರ್ಗರು ತಮ್ಮ ಮಾತಿಗೇ ಅಂಟಿಕೊಂಡು ಕುಳಿತವರಲ್ಲ. ನಿಂದೆಗೆ ಮಾತ್ರವಲ್ಲದೆ ಹೊಗಳಿಕೆಗೂ ಇವರು ಅಂಜುವರೆಂದು ವೀಕ್ಸ್ ಮತ್ತು ರೋಡ್‌ಬಾ ಅವರೊಡನೆ 2008ರಲ್ಲಿ ಬರೆದರು. 2010ರಲ್ಲಿ ಸಿದ್ಧಾಂತದಲ್ಲಿಯೂ ಅದಕ್ಕೆ ಎಡೆಮಾಡಿದರು. ಇನ್ನು ಗುಂಪೇ ಬೇಕೆ ಎಂಬ ಪ್ರಶ್ನೆ. 2003ರಲ್ಲಿ ಜರ್ಮನಿಯ ಸ್ಟಾಂಗಿಯರ್ ಮತ್ತು ಸಂಗಡಿಗರು ಒಬ್ಬೊಬ್ಬರಿಗೇ ಕೊಟ್ಟ ಚಿಕಿತ್ಸೆಯೇ ಮೇಲೆಂದು ಕಂಡರು. ಆದರೆ ಅವರು ಬಳಸಿದ್ದು ಇಂಗ್ಲೆಂಡಿನ ಕ್ಲಾರ್ಕರ ವಿಧಾನವಾದುದರಿಂದ, ಆ ತೀರ್ಪು ಹೈಂಬರ್ಗರ ಗುಂಪಿಗೆ ನೇರವಾಗಿ ತಗಲುವುದೆಂದು ಹೇಳಲಾಗದು.