ತ್ಯಾಜ್ಯ ಅನಿಲಕ್ಕೆ ಬಂದ ಬೆಲೆ

ಬಾಗೇಪಲ್ಲಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಎರಡು ಘನಮೀಟರಿನ 5,500 ಗೋಬರ್ ಗ್ಯಾಸ್ ಸ್ಥಾವರಗಳನ್ನು ಕಟ್ಟುವ ಯೋಜನೆಯೊಂದು 2005ರಲ್ಲಿ ಕ್ಯೋಟೊ ಒಪ್ಪಂದದ 'ಶುದ್ಧ ಅಭಿವೃದ್ಧಿ ವ್ಯವಸ್ಥೆ'ಯಡಿ (ಸಿಡಿಎಂ) ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆ ಬಿಟ್ಟು ಸಗಣಿಯ ಅನಿಲದಲ್ಲಿ ಅಡುಗೆ ಮಾಡಿದರೆ ಒಂದು ಮನೆಯಿಂದ ವರ್ಷಕ್ಕೆ ಸುಮಾರು ಮೂರೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆಂದು ಲೆಕ್ಕ. ಉಳಿದ ಪ್ರತಿ ಟನ್ನಿಗೂ ಒಂದು ಕ್ರೆಡಿಟ್. ಅದನ್ನು ಕೊಂಡ ಶ್ರೀಮಂತ ದೇಶ ತನ್ನಲ್ಲಿ ಅಷ್ಟು ಕಡಿತ ಮಾಡಬೇಕಾಗಿಲ್ಲ.

ಇಲ್ಲೊಂದು ಮಾತು ನೆನಪಿಡಿ. ಇಲ್ಲಿ ಒಂದು ಟನ್ ಕಡಿಮೆ, ಅಲ್ಲಿ ಒಂದು ಟನ್ ಹೆಚ್ಚು. ವಾತಾವರಣಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಕ್ರೆಡಿಟ್ಟೇ ಸುಳ್ಳಾಗಿದ್ದರೆ ನಷ್ಟ ಖಂಡಿತ.

ಈಗ ಅದೇ ವ್ಯವಸ್ಥೆಯ ಇನ್ನೊಂದು ಮುಖ ನೋಡೋಣ. ಶೀತಕವಾಗಿ ಬಳಸುವ ಎಚ್‌ಸಿಎಫ್‌ಸಿ-22 ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಉಪೋತ್ಪನ್ನ ಹುಟ್ಟುತ್ತದೆ. ಅದನ್ನು ಗಾಳಿಗೆ ಬಿಡುವುದೇ ರೂಢಿಯಾಗಿತ್ತು. ಇದರ ತಾಪ ಸಾಮರ್ಥ್ಯ ಕಾರ್ಬನ್ ಡೈಆಕ್ಸೈಡಿನ 11,700 ಪಟ್ಟು ಎಂಬುದು ಆಗ ಬಳಸಿದ ಅಂಕಿ. ವರ್ಷಕ್ಕೆ 10,000 ಟನ್ ಶೀತಕ ತಯಾರಿಸುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಉಪೋತ್ಪನ್ನ ಶೇಕಡಾ 3 ಎಂದರೆ 300 ಟನ್. ಅದನ್ನು ಸುಟ್ಟರೆ 35,10,000 ಕ್ರೆಡಿಟ್! ಒಂದೇ ಟನ್ ಸುಟ್ಟರೂ ಬಾಗೇಪಲ್ಲಿಯ 3,300 ಮನೆಗಳ ಒಂದು ವರ್ಷದ ಉಳಿತಾಯಕ್ಕೆ ಸಮ.

ಗುಣಾಕಾರ ತಪ್ಪಿಲ್ಲ. ಅನಿಲ ಸುಟ್ಟಿದ್ದೂ ನಿಜ, ಒಳ್ಳೆಯದೇ. ತಪ್ಪಿದ್ದು ಬೆಲೆಯಲ್ಲಿ. 2012ರವರೆಗೆ ಈ ಅನಿಲವನ್ನು ನಾಶಮಾಡಲು 10 ಕೋಟಿ ಯೂರೋ ಸಾಕಿತ್ತು, ಕ್ರೆಡಿಟ್ ಮೂಲಕ ತೆರುವುದು 470 ಕೋಟಿ ಯೂರೋ ಎಂದು ಮೈಕೆಲ್ ವಾರಾ 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಂದಾಜು ಮಾಡಿದರು. ಶೀತಕದ ಮಾರಾಟಕ್ಕಿಂತ ಅದರ ಕಸದಿಂದಲೇ ಹೆಚ್ಚು ಆದಾಯ! ಹಾಲಿಗಿಂತ ಸಗಣಿಗೆ ಹೆಚ್ಚು ಬೆಲೆ ಬಂದರೆ ಹಸು ಸಾಕುವವರು ಏನು ಮಾಡುತ್ತಾರೆ, ನೀವೇ ಹೇಳಿ.

ನಿಯಮ ಮಾಡಿದವರಿಗೆ ಇದು ಹೊಳೆಯಲಿಲ್ಲವೇ? ಹೊಳೆದಿತ್ತು. ಹಳೆಯ ಕಾರ್ಖಾನೆಗಳಿಗಷ್ಟೇ ಅವಕಾಶ ಕೊಟ್ಟರು. ಉಪೋತ್ಪನ್ನದ ಪ್ರಮಾಣ ಶೇಕಡಾ 3 ಮೀರದಂತೆ ಮಿತಿ ಹಾಕಿದರು. ಆದರೆ ಮಿತಿ ಎಲ್ಲಿದೆಯೋ ಅಲ್ಲಿಯವರೆಗೆ ತಯಾರಿಸುವುದು ಲಾಭಕರವೆನಿಸಿತು. ಉತ್ಪಾದನೆಯ ಏರಿಳಿತ ಕ್ರೆಡಿಟ್ಟಿನ ಮಿತಿಯನ್ನೇ ಅನುಸರಿಸುತ್ತಿದೆ ಎಂಬ ಆಕ್ಷೇಪ 2010ರಲ್ಲಿ ಬಹಿರಂಗವಾಗಿ ಕೇಳಿಬಂತು. 2011ರಲ್ಲಿ ನಿಯಮ ಬಿಗಿಯಾಯಿತು. ಐರೋಪ್ಯ ಒಕ್ಕೂಟ 2013ರ ಮೇ ತಿಂಗಳಿಂದ ಇಂಥ ಕ್ರೆಡಿಟ್ಟನ್ನು ತನ್ನ ಮಾರುಕಟ್ಟೆಯಲ್ಲಿ ನಿಷೇಧಿಸಿತು. ಇಂಥ 19 ಯೋಜನೆಗಳಲ್ಲಿ 11 ಚೀನಾದವು, 5 ನಮ್ಮ ದೇಶದವು.

ನನ್ನ ಮುಖ್ಯ ತಕರಾರು ಬೇರೆಯೇ. 'ಯೋಜನೆ ಇಲ್ಲದಿದ್ದರೆ ಎಷ್ಟು ಹೊರಸೂಸುತ್ತಿತ್ತು?' ಎಂಬ ಪ್ರಶ್ನೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಹೊಗೆಕೊಳವೆಗೆ ಮಾಪಕ ಕಟ್ಟಬಹುದು. ನಡೆಯದೇ ಹೋದ ಘಟನೆಗೆ ಯಾವ ಮಾಪಕ? ಬಾಗೇಪಲ್ಲಿಯಲ್ಲೂ ಈ ಪ್ರಶ್ನೆ ಇದೆ. ಆ ಸೌದೆ ಕಡಿದ ಮರ ಮತ್ತೆ ಚಿಗುರುತ್ತಿತ್ತೇ, ಸ್ಥಾವರದಿಂದ ಮೀಥೇನ್ ಸೋರುತ್ತದೆಯೇ ಎಂಬುದನ್ನೆಲ್ಲ ಅಂದಾಜಿಸಲೇಬೇಕು. ಆದರೂ ಅಲ್ಲಿ ಹೊಗೆಯಿಲ್ಲದ ಅಡುಗೆಮನೆಯಾದರೂ ಉಳಿಯುತ್ತದೆ.

ಕೊನೆಗೆ ಎಚ್‌ಎಫ್‌ಸಿ-23 ಸಮಸ್ಯೆಗೆ ಸಿಕ್ಕ ಪರಿಹಾರ ಕ್ರೆಡಿಟ್ಟಿನದಲ್ಲ, ಕಾನೂನಿನದು. ಸ್ವಂತ ಖರ್ಚಿನಲ್ಲೇ ಅದನ್ನು ಸುಡಬೇಕೆಂದು ಭಾರತ ಸರ್ಕಾರ 2016ರ ಅಕ್ಟೋಬರಿನಲ್ಲಿ ತಯಾರಕರಿಗೆ ಆದೇಶಿಸಿತು. ಅದೇ ತಿಂಗಳು ಒಪ್ಪಿಗೆಯಾದ ಕಿಗಾಲಿ ತಿದ್ದುಪಡಿ 2020ರಿಂದ ಅದರ ನಾಶವನ್ನು ಸದಸ್ಯ ದೇಶಗಳ ಹೊಣೆಯಾಗಿಸಿದೆ.

ಈಗ ಪ್ಯಾರಿಸ್ ಒಪ್ಪಂದದ 6ನೇ ವಿಧಿಯಡಿ ಹೊಸ ವ್ಯವಸ್ಥೆ ಬಂದಿದೆ. ಮೂಲ ಮಟ್ಟವನ್ನು ರೂಢಿಯ ಹೊರಸೂಸುವಿಕೆಗಿಂತ ಕೆಳಗೇ ನಿಗದಿಪಡಿಸಬೇಕೆಂದು 2021ರ ಗ್ಲಾಸ್ಗೋ ನಿಯಮ ಹೇಳುತ್ತದೆ. ಸರಿ, ಆದರೆ ಆ 'ರೂಢಿ'ಯನ್ನು ಅಂದಾಜು ಮಾಡಿ ಅರ್ಜಿಯಲ್ಲಿ ಬರೆಯುವವರು ಈಗಲೂ ಕ್ರೆಡಿಟ್ ಮಾರುವವರೇ.