ಉಪ್ಪುಕಾಗದದ ಅಕ್ಷರ

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ದುಡಿಯಹೋದ ತಾಯಿತಂದೆಗಳ ಮಕ್ಕಳಿಗಾಗಿ ‘ಮಕ್ಕಳ ಮನೆ’ಯನ್ನು ತೆರೆದ ವೈದ್ಯೆ ಮರಿಯಾ ಮಾಂಟೆಸ್ಸರಿಯವರು, 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದಂತೆ ಮದರಾಸಿನ ಅಡಿಯಾರಿಗೆ ಬಂದು, ಮರುವರ್ಷ ಇಟಲಿಯು ಯುದ್ಧಕ್ಕಿಳಿದುದರಿಂದ ಶತ್ರುದೇಶದ ಪ್ರಜೆಯೆನಿಸಿ, ಹಿಂತಿರುಗಲಾರದೆ ಇಲ್ಲಿಯೇ ನಿಂತದ್ದು ನಮ್ಮ ಪಾಲಿಗೆ ಒದಗಿದ ವಿಚಿತ್ರವಾದೊಂದು ಭಾಗ್ಯ. ಕೊಡೈಕನಾಲಿನ ತಂಪಿನಲ್ಲಿ ನಾನಾ ದೇಶಗಳ ಮಕ್ಕಳು ಅವರ ಬಳಿ ಕಲೆತು ಕಲಿತರು.

ಅವರ ಶಿಕ್ಷಣಪದ್ಧತಿಯ ತತ್ತ್ವವನ್ನು ಪಂಡಿತರು ವಿವೇಚಿಸಲಿ. ನನ್ನ ಮನಸ್ಸು ಸೋತದ್ದು ಆ ಪದ್ಧತಿಯ ಸಾಮಗ್ರಿಗಳಿಗೆ. ನುಣ್ಣನೆಯ ಹಲಗೆಯ ಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಒಂದು ‘ಅ’ಕಾರವನ್ನು ಮಗುವು ಎರಡು ಬೆರಳುಗಳಿಂದ, ಬರೆಯುವ ಕ್ರಮದಲ್ಲಿಯೇ, ಸುಳಿಸುಳಿಯಾಗಿ ಸವರುತ್ತ ಅದರ ಧ್ವನಿಯನ್ನು ಉಚ್ಚರಿಸುತ್ತದೆ, ಬೆರಳು ದಾರಿ ತಪ್ಪಿ ನುಣುಪಿಗೆ ಜಾರಿತೆಂದರೆ, ಗುರುವಿನ ಬೆತ್ತಕ್ಕೆ ಮೊದಲೇ ಹಲಗೆಯು ತಪ್ಪನ್ನು ತಿಳಿಸಿಬಿಡುತ್ತದೆ. ಮರಳಿನ ಮೇಲೆ ಅಕ್ಷರ ತಿದ್ದಿದ ನಮ್ಮ ಹಿರಿಯರಿಗೆ ರೋಮಿನ ಈ ಯುಕ್ತಿಯು ಪರಕೀಯವೆನಿಸುತ್ತಿರಲಿಲ್ಲ. ಕನ್ನಡದ ದುಂಡುಲಿಪಿಯಂತೂ ಬೆರಳಿಗೆ ಹಬ್ಬ.

ಇನ್ನೊಂದು ಸಾಮಗ್ರಿಯಾದ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ 10 ಘನಗಳ ಗುಲಾಬಿ ಗೋಪುರವು ಕೊಠಡಿಗೆ ಒಂದೇ. (ಜಿಪುಣತನವೆಂದು ಭ್ರಮಿಸಬಾರದು.) 3 ವರ್ಷದ ಕೂಸೂ 6 ವರ್ಷದ ಹಿರಿಯನೂ ಕೂಡಿರುವ ಆ ಕೋಣೆಯಲ್ಲಿ, ಮನೆಯೊಳಗೆ ಯಾವ ಭಾಷೆಯಾಡಿದರೂ ಯಾವ ದೇವರಿಗೆ ಕೈಮುಗಿದರೂ, ಒಬ್ಬನು ಕಟ್ಟಿ, ಬಿಚ್ಚಿ, ಅದನ್ನು ಸ್ವಸ್ಥಾನದಲ್ಲಿರಿಸುವವರೆಗೆ ಮತ್ತೊಬ್ಬಳು ಚಾಪೆಯ ಅಂಚಿನಲ್ಲಿ ಕೈಕಟ್ಟಿ ಕಾಯುತ್ತಾಳೆ.